ಹಳೆಯ ಲ್ಯಾಪ್‌ಟಾಪಿಗೆ ಹಳೆಯ ವಿಂಡೋಸ್: ಉಳಿತಾಯವೋ, ನಷ್ಟವೋ?

ತಿಂಗಳ 20ನೆಯ ತಾರೀಖು ಸಮೀಪಿಸುತ್ತಿದ್ದಂತೆ ಅನೇಕ ಅಂಗಡಿಗಳ ಹಾಗೂ ಸಣ್ಣ ಕಾರ್ಖಾನೆಗಳ ಲೆಕ್ಕದ ಮೇಜಿನ ಬಳಿ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ಜಿಎಸ್‌ಟಿ ವಿವರ ಸಲ್ಲಿಸಬೇಕಾದ ಗುಮಾಸ್ತರು ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿಯನ್ನು ಒತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹಿಂದಿನ ದಿನದ ರಸೀದಿಗಳನ್ನು ಜೋಡಿಸಿಟ್ಟು ಬಂದರೂ ಪರದೆಯ ಮೇಲಿನ ಚಕ್ರ ಇನ್ನೂ ತಿರುಗುತ್ತಲೇ ಇರುತ್ತದೆ. ಟ್ಯಾಲಿ ತೆರೆಯಲು ಕೆಲವು ನಿಮಿಷ, ಬ್ರೌಸರ್ ತೆರೆಯಲು ಮತ್ತೆ ಕೆಲವು ನಿಮಿಷ. ಎರಡನ್ನೂ ಒಟ್ಟಿಗೆ ತೆರೆದರೆ ಯಂತ್ರವು ಸ್ತಬ್ಧವಾಗುತ್ತದೆ. 2014 ಅಥವಾ 2015ರಲ್ಲಿ ಕೊಂಡ ಯಂತ್ರವದು. ಅದರ ಕೀಲಿಮಣೆಯ ಅಕ್ಷರಗಳು ಅಳಿಸಿವೆಯೇ ಹೊರತು ಬೇರಾವ ಭಾಗವೂ ಕೆಟ್ಟಿಲ್ಲ.

ಇಂತಹ ಯಂತ್ರವನ್ನು ದುರಸ್ತಿಗಾರರ ಬಳಿ ಒಯ್ದಾಗ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: "ಇದಕ್ಕೆ ವಿಂಡೋಸ್ 10 ಭಾರ ಆಗ್ತಿದೆ ಸಾರ್. ಮೊದಲಿದ್ದ ವಿಂಡೋಸ್ 7 ಹಾಕಿಕೊಡ್ತೀನಿ, ಹೊಸದರ ಹಾಗೆ ಓಡುತ್ತೆ." ಕೆಲವು ನೂರು ರೂಪಾಯಿಗಳಲ್ಲಿ, ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಹೊಸ ಲ್ಯಾಪ್‌ಟಾಪಿಗೆ ಮೂವತ್ತು ನಲವತ್ತು ಸಾವಿರ ಸುರಿಯಲು ಮನಸ್ಸಿಲ್ಲದ ವರ್ತಕರಿಗೆ ಈ ಮಾತು ಹಿತವಾಗಿ ಕೇಳಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದರಲ್ಲೂ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಬಳಿಕ, "ಹೇಗೂ ಇದಕ್ಕೂ ಬೆಂಬಲವಿಲ್ಲ, ಅದಕ್ಕೂ ಬೆಂಬಲವಿಲ್ಲ, ಹಾಗಿದ್ದಮೇಲೆ ವೇಗವಾಗಿ ಓಡುವುದನ್ನೇ ಏಕೆ ಹಾಕಿಸಬಾರದು" ಎಂಬ ತರ್ಕವೂ ಹುಟ್ಟಿಕೊಂಡಿದೆ. ಈ ತರ್ಕವನ್ನು ಕೊಂಚ ಬಿಡಿಸಿ ನೋಡುವುದು ಅಗತ್ಯ. ಏಕೆಂದರೆ ಇಲ್ಲಿ ಪಣಕ್ಕೊಡ್ಡಲಾಗುತ್ತಿರುವುದು ಲ್ಯಾಪ್‌ಟಾಪಿನ ವೇಗ ಮಾತ್ರವಲ್ಲ. ಬ್ಯಾಂಕ್ ಖಾತೆಯ ಗುಪ್ತಪದ, ಗಿರಾಕಿಗಳ ಬಾಕಿಪಟ್ಟಿ, ವರ್ಷಗಳ ಲೆಕ್ಕಪತ್ರ ಎಲ್ಲವೂ ಅದೇ ಯಂತ್ರದಲ್ಲಿವೆ.

ಹಿಂದಿನ ಆವೃತ್ತಿಗೆ ಮರಳುವುದೇ ತಪ್ಪೆಂದು ಸಾರಾಸಗಟಾಗಿ ಹೇಳುವಂತಿಲ್ಲ. ಅದಕ್ಕೊಂದು ಗೌರವಾನ್ವಿತ ಪೂರ್ವೇತಿಹಾಸವೇ ಇದೆ. 2007ರ ಜನವರಿ 30ರಂದು ವಿಂಡೋಸ್ ವಿಸ್ಟಾ ಸಾರ್ವಜನಿಕ ಮಾರುಕಟ್ಟೆಗೆ ಬಂದಾಗ ಜಗತ್ತಿನಾದ್ಯಂತ ಇದೇ ಗೋಳು ಕೇಳಿಬಂದಿತ್ತು. ಎಕ್ಸ್‌ಪಿಗೆ 128 ಮೆಗಾಬೈಟ್ ರ‍್ಯಾಮ್ ಸಾಕೆಂದು ಹೇಳಿದ್ದ ಕಂಪನಿಯೇ ವಿಸ್ಟಾಗೆ ಕನಿಷ್ಠ 512 ಮೆಗಾಬೈಟ್ ಬೇಕೆಂದಿತು. ವಾಸ್ತವದಲ್ಲಿ ಅದೂ ಸಾಲುತ್ತಿರಲಿಲ್ಲ. 'ವಿಸ್ಟಾಗೆ ಸಮರ್ಥ' ಎಂಬ ಚೀಟಿ ಅಂಟಿಸಿ ಮಾರಿದ ಯಂತ್ರಗಳು ವಿಸ್ಟಾವನ್ನು ಸರಿಯಾಗಿ ನಡೆಸಲಾರವೆಂದು ಅಮೆರಿಕದಲ್ಲಿ ಗ್ರಾಹಕರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಬೇಡಿಕೆಗೆ ಮಣಿದು ಡೆಲ್ ಕಂಪನಿಯು ಅದೇ ವರ್ಷದ ಏಪ್ರಿಲ್‌ನಲ್ಲಿ ಮತ್ತೆ ಎಕ್ಸ್‌ಪಿ ಸಹಿತ ಗಣಕಯಂತ್ರಗಳನ್ನು ಮಾರಲು ತೊಡಗಿತು. ವ್ಯಾಪಾರೋದ್ಯಮದ ಆವೃತ್ತಿಗಳನ್ನು ಕೊಂಡವರಿಗೆ ಹಿಂದಿನ ಆವೃತ್ತಿಗೆ ಮರಳುವ ಹಕ್ಕನ್ನು ಪರವಾನಗಿಯಲ್ಲಿಯೇ ನೀಡಲಾಗಿತ್ತು. ಅಂದು ವಿಸ್ಟಾ ತೆಗೆದು ಎಕ್ಸ್‌ಪಿ ಹಾಕಿಸಿದ ವರ್ತಕರು ಬುದ್ಧಿವಂತಿಕೆಯ ಕೆಲಸವನ್ನೇ ಮಾಡಿದರು.

ಆದರೆ ಅಂದು ಅದು ಬುದ್ಧಿವಂತಿಕೆಯಾಗಿದ್ದುದಕ್ಕೆ ಕಾರಣ ಎಕ್ಸ್‌ಪಿ ಹಗುರವಾಗಿತ್ತೆಂಬುದು ಮಾತ್ರವಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರವರೆಗೆ, ಅಂದರೆ ಮುಂದಿನ ಏಳು ವರ್ಷ, ಭದ್ರತಾ ತಿದ್ದುಪಡಿಗಳು ಬರುತ್ತಲೇ ಇದ್ದವು. ಮರಳಿ ಹೋದ ಮನೆಗೆ ಕಾವಲುಗಾರನಿದ್ದ. ವಿಂಡೋಸ್ 7ರ ಸ್ಥಿತಿ ಹಾಗಿಲ್ಲ. 2009ರ ಅಕ್ಟೋಬರ್ 22ರಂದು ಬಂದ ಆ ಆವೃತ್ತಿಯ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ಹಣ ತೆತ್ತ ಸಂಸ್ಥೆಗಳಿಗೆ ದೊರೆಯುತ್ತಿದ್ದ ವಿಸ್ತರಿತ ರಕ್ಷಣೆಯೂ 2023ರ ಜನವರಿಯಲ್ಲಿ ನಿಂತಿತು, ವಿಂಡೋಸ್ 8.1ರ ಕಥೆಯೂ ಅದೇ ತಿಂಗಳಲ್ಲಿ ಕೊನೆಗೊಂಡಿತು. ಆದ್ದರಿಂದ ದುರಸ್ತಿಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಯಾವುದು ವೇಗವಾಗಿ ಓಡುತ್ತದೆ" ಎಂಬುದಲ್ಲ, "ಯಾವುದಕ್ಕೆ ಇನ್ನೂ ಕಾವಲು ಇದೆ" ಎಂಬುದು.

ಇನ್ನು ವೇಗದ ವಿಷಯ. ವಿಂಡೋಸ್ 7 ಮತ್ತು ವಿಂಡೋಸ್ 10 ಎರಡಕ್ಕೂ ತಯಾರಕರು ಕಾಗದದ ಮೇಲೆ ವಿಧಿಸಿದ ಕನಿಷ್ಠ ಅರ್ಹತೆಯಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್‌ಗಳ ಅಂಕಿಗಳು ಒಂದೇ ಆಗಿದ್ದವು: 1 ಗಿಗಾಹರ್ಟ್ಸ್ ಪ್ರೊಸೆಸರ್, 32 ಬಿಟ್ ಆವೃತ್ತಿಗೆ 1 ಗಿಗಾಬೈಟ್ ರ‍್ಯಾಮ್, 64 ಬಿಟ್‌ಗೆ 2 ಗಿಗಾಬೈಟ್. ಆದರೂ ಹಳೆಯ ಯಂತ್ರದಲ್ಲಿ ಒಂದು ಓಡುತ್ತದೆ, ಇನ್ನೊಂದು ತೆವಳುತ್ತದೆ. ಇದಕ್ಕೆ ಕಾರಣ ಹುಡುಕಬೇಕಾದದ್ದು ಪ್ರೊಸೆಸರ್‌ನಲ್ಲಲ್ಲ, ಹಾರ್ಡ್ ಡಿಸ್ಕಿನಲ್ಲಿ.

ಆ ಕಾಲದ ಬಹುಪಾಲು ಅಗ್ಗದ ಲ್ಯಾಪ್‌ಟಾಪುಗಳಲ್ಲಿರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಸರಿಯಾದ ಜಾಡಿಗೆ ಸರಿಯಲು ಮತ್ತಷ್ಟು ಹೊತ್ತು ಬೇಕು. ಹೀಗಾಗಿ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಚದುರಿರುವ ಸಣ್ಣ ಸಣ್ಣ ಕಡತಗಳನ್ನು ತರಬೇಕಾದಾಗ ಅದು ಸೆಕೆಂಡಿಗೆ ನೂರು ಬಾರಿ ಓಡಾಡುವುದೂ ಕಷ್ಟ. ಗೋದಾಮಿನಲ್ಲಿ ಒಬ್ಬನೇ ಹಮಾಲಿ ಇದ್ದಾನೆಂದು ಭಾವಿಸಿ. ಒಂದೇ ರಾಶಿಯ ಚೀಲಗಳನ್ನು ಸಾಲಾಗಿ ಹೊರುವಾಗ ಅವನು ಚುರುಕಾಗಿಯೇ ಇರುತ್ತಾನೆ. ಈ ಮೂಲೆಯಿಂದ ಒಂದು, ಆ ಮೂಲೆಯಿಂದ ಒಂದು ತರುವಂತೆ ಹತ್ತು ಜನ ಏಕಕಾಲದಲ್ಲಿ ಕೂಗಿದರೆ ಅವನ ದಿನವೆಲ್ಲ ನಡಿಗೆಯಲ್ಲಿಯೇ ಕಳೆಯುತ್ತದೆ. ವಿಂಡೋಸ್ 10 ಕೂಗುವವರ ಸಂಖ್ಯೆಯನ್ನು ಹೆಚ್ಚಿಸಿತು. ತಿದ್ದುಪಡಿಗಳನ್ನು ತರಿಸುವ ಸೇವೆ, ವೈರಸ್ ತಪಾಸಣೆ, ಕಡತಗಳ ಸೂಚಿ ತಯಾರಿಸುವ ಸೇವೆ, ಮುಂದೆ ಬೇಕಾಗಬಹುದಾದುದನ್ನು ಮೊದಲೇ ರ‍್ಯಾಮ್‌ಗೆ ತುಂಬಿಸುವ ಸೇವೆ ಇವೆಲ್ಲವೂ ಯಂತ್ರ ಚಾಲೂ ಆದ ಕೂಡಲೇ ಅದೇ ಹಮಾಲಿಯ ಬೆನ್ನು ಹತ್ತುತ್ತವೆ. ರ‍್ಯಾಮ್ ಕೇವಲ 4 ಗಿಗಾಬೈಟ್ ಇದ್ದರೆ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಹಿಡಿಸಲಾರದ್ದನ್ನು ವಿಂಡೋಸ್ ಮತ್ತೆ ಡಿಸ್ಕಿಗೇ ಇಳಿಸುತ್ತದೆ, ಬೇಕಾದಾಗ ಮತ್ತೆ ಏರಿಸುತ್ತದೆ.

ಇದನ್ನು ಪರೀಕ್ಷಿಸಲು ತಜ್ಞರೇ ಬೇಕಿಲ್ಲ. ಯಂತ್ರ ಸ್ತಬ್ಧವಾದ ವೇಳೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ರೊಸೆಸರ್ ಶೇ. 15 ಅಥವಾ 20ರ ಆಸುಪಾಸಿನಲ್ಲಿ ಸುಮ್ಮನೆ ಕುಳಿತಿದ್ದು, ಡಿಸ್ಕ್ ಮಾತ್ರ ಶೇ. 100 ತೋರಿಸುತ್ತಿದ್ದರೆ ರೋಗ ಯಾವುದೆಂದು ತಿಳಿದಂತಾಯಿತು. ವಿಂಡೋಸ್ 7 ಹಾಕಿದಾಗ ಯಂತ್ರ ಚುರುಕಾಗುವುದು ನಿಜ, ಏಕೆಂದರೆ ಹಮಾಲಿಯನ್ನು ಕೂಗುವವರು ಕಡಿಮೆಯಾದರು. ಆದರೆ ಹಮಾಲಿ ಅದೇ ಹಳಬ. ಇನ್ನೊಂದು ಮಾತನ್ನು ದುರಸ್ತಿಗಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಆವೃತ್ತಿ ಬದಲಿಸಿದ ದಿನ ಕಾಣುವ ವೇಗದ ದೊಡ್ಡ ಪಾಲು ಹಳೆಯ ಆವೃತ್ತಿಯದ್ದಲ್ಲ, ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಸ್ಥಾಪಿಸಿದ್ದರದ್ದು. ಹತ್ತು ವರ್ಷಗಳಿಂದ ಸೇರಿಕೊಂಡ ಪ್ರಿಂಟರ್ ಸಹಾಯಕಗಳು, ಎರಡೆರಡು ಆಂಟಿವೈರಸ್‌ಗಳು, ಯಾರೋ ಎಂದೋ ಹಾಕಿದ ಟೂಲ್‌ಬಾರುಗಳು ಎಲ್ಲವೂ ಅಳಿಸಿಹೋಗಿರುತ್ತವೆ. ಅದೇ ವಿಂಡೋಸ್ 10ನ್ನು ಅಳಿಸಿ ಮತ್ತೆ ಹಾಕಿದರೂ ಈ ಲಾಭದ ಬಹುಭಾಗ ದಕ್ಕುತ್ತದೆ.

ಪ್ರಾಸಂಗಿಕವಾಗಿ ಧೂಳಿನ ವಿಷಯವನ್ನೂ ಹೇಳಬೇಕು. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಬ್ಯಾಡಗಿಯಂತಹ ಮೆಣಸಿನಕಾಯಿ ಮಾರುಕಟ್ಟೆ ಇಂತಹ ಕಡೆ ದುಡಿಯುವ ಲ್ಯಾಪ್‌ಟಾಪಿನ ಒಳಗಿನ ಗಾಳಿಕಿಂಡಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗುತ್ತದೆ. ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವಂತೆ ರಚಿತವಾಗಿದೆ. ಅಂತಹ ಯಂತ್ರಕ್ಕೆ ಯಾವ ವಿಂಡೋಸ್ ಹಾಕಿದರೂ ಮಧ್ಯಾಹ್ನದ ಹೊತ್ತಿಗೆ ಬಸವಳಿಯುತ್ತದೆ. ಮೊದಲು ಬಿಚ್ಚಿಸಿ ಶುಚಿ ಮಾಡಿಸುವುದು ಒಳಿತು.

ಹಾಗಾದರೆ ಹಿಂದಿನ ಆವೃತ್ತಿಗೆ ಮರಳಿದವರು ಕಳೆದುಕೊಳ್ಳುವುದೇನು? 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ದಾಳಿಗೆ ತುತ್ತಾದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅವುಗಳಿಗಾಗಿ ಭದ್ರತಾ ತಿದ್ದುಪಡಿಯು ಎರಡು ತಿಂಗಳ ಮೊದಲೇ, ಮಾರ್ಚ್ 14ರಂದೇ ಬಿಡುಗಡೆಯಾಗಿತ್ತು, ಹಾಕಿಕೊಳ್ಳದವರು ಕೆಟ್ಟರು. ಅಂದು ಬೀಗವಿತ್ತು, ಹಾಕುವವರಿರಲಿಲ್ಲ. ಇಂದು ವಿಂಡೋಸ್ 7 ಹಾಕಿಸಿಕೊಂಡವರಿಗೆ ಹಾಕಲು ಬೀಗವೇ ಇಲ್ಲ. ಆಂಟಿವೈರಸ್ ಕೊಂಡರೆ ಸಾಕೆನ್ನುವುದು ಗೋಡೆ ಬಿದ್ದ ಅಂಗಡಿಯ ಬಾಗಿಲಿಗೆ ಕಾವಲು ನಿಲ್ಲಿಸಿದಂತೆ.

ಬ್ರೌಸರ್‌ಗಳ ವಿಷಯವೂ ಹೀಗೆಯೇ. ಗೂಗಲ್ ಕ್ರೋಮ್ 2023ರ ಫೆಬ್ರವರಿಯಲ್ಲಿ ಬಂದ 110ನೆಯ ಆವೃತ್ತಿಯಿಂದ ವಿಂಡೋಸ್ 7 ಮತ್ತು 8.1ನ್ನು ಕೈಬಿಟ್ಟಿತು, ಆ ಯಂತ್ರಗಳು 109ರಲ್ಲಿಯೇ ನಿಂತಿವೆ. ಜಿಎಸ್‌ಟಿ, ಆದಾಯ ತೆರಿಗೆ, ಭವಿಷ್ಯನಿಧಿ, ಬ್ಯಾಂಕು ಎಲ್ಲವೂ ಬ್ರೌಸರ್ ಮೂಲಕವೇ ನಡೆಯುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ ಮತ್ತೊಂದು ತೊಡಕು. ಟೋಕನ್ನಿನ ಚಾಲಕ ತಂತ್ರಾಂಶ, ಸಹಿಯ ತಂತ್ರಾಂಶ, ಬ್ರೌಸರ್ ಮೂರೂ ಪರಸ್ಪರ ಹೊಂದಿಕೊಳ್ಳಬೇಕು. ವಿವರ ಸಲ್ಲಿಕೆಯ ಕೊನೆಯ ದಿನ ಸಂಜೆ ಏಳು ಗಂಟೆಗೆ ಇವು ಹೊಂದಿಕೊಳ್ಳಲು ನಿರಾಕರಿಸಿದರೆ ವಿಳಂಬ ಶುಲ್ಕ ಕಟ್ಟುವವರು ದುರಸ್ತಿಗಾರರಲ್ಲ.

ಇದಲ್ಲದೆ 2016ರಿಂದೀಚಿನ ಅನೇಕ ಲ್ಯಾಪ್‌ಟಾಪುಗಳು ವಿಂಡೋಸ್ 7ನ್ನು ಸಲೀಸಾಗಿ ಒಪ್ಪಿಕೊಳ್ಳುವುದೇ ಇಲ್ಲ. ಇಂಟೆಲ್‌ನ ಏಳನೆಯ ಪೀಳಿಗೆಯ ಪ್ರೊಸೆಸರ್‌ಗಳಿಂದ ಮುಂದಕ್ಕೆ ವಿಂಡೋಸ್ 10 ಮಾತ್ರವೇ ಬೆಂಬಲಿತವೆಂದು ಮೈಕ್ರೋಸಾಫ್ಟ್ ಆಗಲೇ ಸಾರಿತ್ತು. ಬಲವಂತವಾಗಿ ಹಾಕಿದರೆ ಯುಎಸ್‌ಬಿ ಕಿಂಡಿ ಸತ್ತಂತಿರುವುದು, ವೈಫೈ ಕಾಣದಿರುವುದು, ಪರದೆಯ ಅಕ್ಷರಗಳು ಹಿಗ್ಗಿ ಮಸುಕಾಗುವುದು ಮೊದಲಾದ ಪೀಡೆಗಳು ಬೆನ್ನು ಹತ್ತುತ್ತವೆ.

ಪರವಾನಗಿಯ ಪ್ರಶ್ನೆಯನ್ನು ಬಹುತೇಕ ಯಾರೂ ಎತ್ತುವುದೇ ಇಲ್ಲ. ಯಂತ್ರದೊಂದಿಗೆ ಬಂದ ವಿಂಡೋಸ್ 10 'ಪ್ರೊ' ಆಗಿದ್ದರೆ ಹಿಂದಿನ ಪ್ರೊ ಆವೃತ್ತಿಗೆ ಮರಳುವ ಹಕ್ಕು ಪರವಾನಗಿಯಲ್ಲಿದೆ. 'ಹೋಮ್' ಆಗಿದ್ದರೆ ಆ ಹಕ್ಕಿಲ್ಲ. ಸಣ್ಣ ವರ್ತಕರ ಬಳಿ ಇರುವುದು ಸಾಮಾನ್ಯವಾಗಿ ಹೋಮ್. ಮೊದಲಿನಿಂದಲೂ ವಿಂಡೋಸ್ 7ರೊಂದಿಗೇ ಬಂದ ಯಂತ್ರದ ಮಾತು ಬೇರೆ, ಅದರ ಕೆಳಭಾಗದ ಚೀಟಿಯಲ್ಲಿ ಕೀಲಿಸಂಖ್ಯೆ ಇರುತ್ತದೆ. ಉಳಿದಂತೆ ಕೆಲವು ನೂರು ರೂಪಾಯಿಗೆ ಹಾಕಿಕೊಡುವ ವಿಂಡೋಸ್ 7 ಎಂದರೆ ಬಹುತೇಕ ನಕಲಿ ಪ್ರತಿ, ಅದನ್ನು ಅಸಲಿಯೆಂದು ನಂಬಿಸುವ 'ಆಕ್ಟಿವೇಟರ್' ಎಂಬ ಪುಟ್ಟ ತಂತ್ರಾಂಶ. ಆ ತಂತ್ರಾಂಶವನ್ನು ಬರೆದವರು ಯಾರು, ಅದರೊಳಗೆ ಇನ್ನೇನಿದೆ ಎಂಬುದು ಹಾಕಿದವರಿಗೂ ತಿಳಿದಿರುವುದಿಲ್ಲ. ಅದನ್ನು ಹಾಕುವಾಗ ಆಂಟಿವೈರಸ್ ಆರಿಸಬೇಕೆಂಬ ಸೂಚನೆಯೊಂದೇ ಸಾಕಲ್ಲವೇ? 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕರಣದಂತೆ, ನಕಲಿಯೆಂದು ತಿಳಿದೂ ತಂತ್ರಾಂಶ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ವ್ಯಾಪಾರದ ಉದ್ದೇಶಕ್ಕಲ್ಲದೆ ಬಳಸಿದವರಿಗೆ ರಿಯಾಯಿತಿ ತೋರಿಸಬಹುದೆಂದು ಅದೇ ಪ್ರಕರಣ ಹೇಳುತ್ತದೆ. ಅಂಗಡಿಯ ಲೆಕ್ಕದ ಯಂತ್ರಕ್ಕೆ ಆ ರಿಯಾಯಿತಿ ಅನ್ವಯಿಸುವುದು ದುಸ್ತರ.

ಹಣ ಹೋದರೆ ಹೊಣೆ ಯಾರದು? ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಒಂದು ತತ್ವವನ್ನು ಮಂಡಿಸಿತ್ತು: ಬ್ಯಾಂಕಿನ ಲೋಪದಿಂದ ಹಣ ಹೋದರೆ ಗ್ರಾಹಕರಿಗೆ ಹೊಣೆಯಿಲ್ಲ, ಗ್ರಾಹಕರ ಅಲಕ್ಷ್ಯದಿಂದ ಹೋದರೆ, ಅವರು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಆರು ವರ್ಷಗಳಿಂದ ಕಾವಲಿಲ್ಲದ, ಅದೂ ನಕಲಿಯಾದ ವಿಂಡೋಸ್ ಮೂಲಕ ಬ್ಯಾಂಕ್ ವ್ಯವಹಾರ ನಡೆಸುತ್ತಿದ್ದವರು ತಮ್ಮಿಂದ ಅಲಕ್ಷ್ಯವಾಗಿಲ್ಲವೆಂದು ವಾದಿಸಲು ಬಹಳ ಪ್ರಯಾಸಪಡಬೇಕಾದೀತು. ಖಾಸಗಿ ಸೀಮಿತ ಕಂಪನಿಗಳಿಗೆ ಇನ್ನೊಂದು ಬಾಧ್ಯತೆಯೂ ಇದೆ. 2023ರ ಏಪ್ರಿಲ್ 1ರಿಂದ ಅವು ಪ್ರತಿ ತಿದ್ದುಪಡಿಯ ಜಾಡನ್ನೂ ದಾಖಲಿಸುವ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಅಂತಹ ತಂತ್ರಾಂಶಗಳ ಹೊಸ ಆವೃತ್ತಿಗಳು ಹಳೆಯ ವಿಂಡೋಸಿನಲ್ಲಿ ಎಲ್ಲಿಯವರೆಗೆ ನಡೆದಾವು ಎಂಬುದು ತಯಾರಕರ ಇಚ್ಛೆಗೆ ಬಿಟ್ಟ ವಿಷಯ.

ಇಷ್ಟೆಲ್ಲ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಬದಲು ಹಮಾಲಿಯನ್ನೇ ಬದಲಿಸುವುದು ಮೇಲು. ತಿರುಗುವ ಡಿಸ್ಕನ್ನು ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಅದೇ ಜಾಗದಲ್ಲಿ ಕೂರಿಸಬಹುದು. ಸಾಧಾರಣ ದರ್ಜೆಯ ಎಸ್‌ಎಸ್‌ಡಿ ಕೂಡ ಚದುರಿದ ಕಡತಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ತಂದೊಪ್ಪಿಸುತ್ತದೆ. ನಿಮಿಷಗಟ್ಟಲೆ ಕಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದ ಆಸುಪಾಸಿನಲ್ಲಿ ಸಿದ್ಧವಾಗುತ್ತದೆ. ಲೆಕ್ಕಪತ್ರಕ್ಕೆ 240 ಅಥವಾ 256 ಗಿಗಾಬೈಟ್ ಧಾರಾಳವಾಗಿ ಸಾಕು. ಬೆಲೆ ಏರಿಳಿಯುತ್ತಿದ್ದರೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಎದುರು ಅದು ಅಲ್ಪಾಂಶವೇ. ರ‍್ಯಾಮ್ ಕಿಂಡಿ ಖಾಲಿಯಿದ್ದರೆ 4ನ್ನು 8 ಗಿಗಾಬೈಟ್ ಮಾಡಿಸಿದರಾಯಿತು. ವಿಂಡೋಸ್ 10ರ ಪರವಾನಗಿಯು ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ಹೊಸ ಕೀಲಿ ಬೇಕಿಲ್ಲ. ಎಲ್ಲ ಯಂತ್ರಗಳಿಗೂ ಈ ಭಾಗ್ಯವಿಲ್ಲವೆಂಬುದನ್ನೂ ಹೇಳಬೇಕು. 32 ಗಿಗಾಬೈಟ್‌ನ ಸಂಗ್ರಹವನ್ನು ಬೋರ್ಡಿಗೇ ಬೆಸೆದು ಮಾರಿದ ಅಗ್ಗದ ಮಾದರಿಗಳಲ್ಲಿ ಬದಲಿಸಲು ಏನೂ ಇಲ್ಲ. ಅವುಗಳನ್ನು ಕೊಂಡದ್ದೇ ಲುಕ್ಸಾನು.

ಡಿಸ್ಕ್ ಬದಲಿಸಿದ ಮೇಲೂ ಕಾವಲಿನ ಪ್ರಶ್ನೆ ಉಳಿಯುತ್ತದೆ. ವಿಂಡೋಸ್ 10ಕ್ಕೆ ವೈಯಕ್ತಿಕ ಬಳಕೆದಾರರಿಗಾಗಿ ಒಂದು ವರ್ಷದ ವಿಸ್ತರಿತ ರಕ್ಷಣೆಯನ್ನು 2026ರ ಅಕ್ಟೋಬರ್ 13ರವರೆಗೆ ಪ್ರಕಟಿಸಲಾಯಿತು. ಸಂಸ್ಥೆಗಳಿಗೆ ಮೂರು ವರ್ಷಗಳವರೆಗೆ ಅವಕಾಶವಿದ್ದರೂ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಬಳಿಕ ಪ್ರತಿ ವರ್ಷ ದುಪ್ಪಟ್ಟು. ಮೂರು ವರ್ಷಕ್ಕೆ ಒಟ್ಟು 427 ಡಾಲರ್, ಅಂದರೆ 35 ಸಾವಿರ ರೂಪಾಯಿ ಮೀರಿತು. ಆ ಹಣಕ್ಕೆ ಬೇರೆ ಯಂತ್ರವನ್ನೇ ಕೊಳ್ಳಬಹುದು. ಹೀಗಾಗಿ ಎಸ್‌ಎಸ್‌ಡಿಯ ಖರ್ಚನ್ನು ಹಳೆಯ ಯಂತ್ರಕ್ಕೆ ಸಮಯ ಕೊಳ್ಳುವ ಖರ್ಚೆಂದು ಭಾವಿಸಬೇಕೇ ಹೊರತು ಶಾಶ್ವತ ಪರಿಹಾರವೆಂದಲ್ಲ. ಕೊಳ್ಳುವಾಗ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದಕ್ಕೂ ಹೊಸದಾದ ಪ್ರೊಸೆಸರ್ ಇದೆಯೇ ಎಂದು ವಿಚಾರಿಸುವುದು ಮುಖ್ಯ. ವಿಂಡೋಸ್ 11ರ ಅಧಿಕೃತ ಬೆಂಬಲ ಸರಿಸುಮಾರು ಅಲ್ಲಿಂದಲೇ ಆರಂಭ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಅಂತಹ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಹೊಸದರ ಬೆಲೆಗಿಂತ ಎಷ್ಟೋ ಕಡಿಮೆಗೆ ದೊರೆಯುತ್ತವೆ.

ಲಿನಕ್ಸ್ ಎಂಬ ಇನ್ನೊಂದು ಮಾರ್ಗವುಂಟು. ಉಚಿತ, ಹಗುರ, ಅದರ ಕಾವಲೂ ಜಾಗೃತ. ಪತ್ರ ವ್ಯವಹಾರ, ಬ್ರೌಸರ್, ಮಿಂಚಂಚೆ ಇಷ್ಟೇ ಸಾಕಾದವರಿಗೆ ಲಿನಕ್ಸ್ ಮಿಂಟ್‌ನಂತಹ ಆವೃತ್ತಿ 4 ಗಿಗಾಬೈಟ್ ಯಂತ್ರದಲ್ಲಿಯೂ ಸುಗಮವಾಗಿ ನಡೆಯುತ್ತದೆ. ಟ್ಯಾಲಿಯನ್ನೇ ನೆಚ್ಚಿದವರಿಗೆ ಮಾತ್ರ ಅದು ಒಗ್ಗದು, ಏಕೆಂದರೆ ಟ್ಯಾಲಿ ವಿಂಡೋಸಿಗಾಗಿ ರಚಿತವಾದದ್ದು.

ಹಳೆಯ ವಿಂಡೋಸನ್ನು ನಿಶ್ಚಿಂತೆಯಿಂದ ಉಳಿಸಿಕೊಳ್ಳಬಹುದಾದ ಜಾಗವೂ ಒಂದಿದೆ. ಬೆಳಗಾವಿಯ ಎರಕದ ಉದ್ಯಮವನ್ನು ಆಶ್ರಯಿಸಿದ ಮಷಿನ್ ಶಾಪುಗಳಲ್ಲಿ, ಪೀಣ್ಯದ ಸಣ್ಣ ಘಟಕಗಳಲ್ಲಿ ಹಳೆಯ ಸಿಎನ್‌ಸಿ ಯಂತ್ರಕ್ಕೆ ಸೀರಿಯಲ್ ಕೇಬಲ್ಲಿನ ಮೂಲಕ ಪ್ರೋಗ್ರಾಂ ಕಳುಹಿಸುವ ಲ್ಯಾಪ್‌ಟಾಪ್ ಕಾಣಸಿಗುತ್ತದೆ. ಅದರಲ್ಲಿ ಎಕ್ಸ್‌ಪಿಯೇ ಇರಲಿ, ವಿಂಡೋಸ್ 7 ಇರಲಿ, ಮುಟ್ಟಬೇಕಾದುದಿಲ್ಲ. ಹೊಸ ವಿಂಡೋಸಿಗೆ ಆ ಯಂತ್ರದ ಭಾಷೆ ತಿಳಿಯದಿರಬಹುದು. ಲಕ್ಷಾಂತರ ರೂಪಾಯಿಯ ಲೇತ್ ನಿಂತರೆ ಆಗುವ ನಷ್ಟ ದೊಡ್ಡದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ಲು ಮುದ್ರಿಸುವ ಯಂತ್ರಕ್ಕೂ, ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಪತ್ರಗಳ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಷರತ್ತು ಇಷ್ಟೇ: ಅಂತಹ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕವಿರಕೂಡದು, ಕಂಡಕಂಡ ಪೆನ್‌ಡ್ರೈವ್ ಅದಕ್ಕೆ ತಾಗಕೂಡದು, ಬ್ಯಾಂಕಿನ ಕೆಲಸ ಅದರಲ್ಲಿ ನಡೆಯಕೂಡದು. "ಊಟದ ವೇಳೆ ಸುಮ್ಮನೆ ಮೇಲ್ ನೋಡಿದೆ" ಎನ್ನುವ ಹುಡುಗನಿಂದಲೇ ಕೆಡುಕು ಆರಂಭವಾಗುವುದು.

ವರ್ತಕರ ಅಸಮಾಧಾನ ನ್ಯಾಯವಾದುದೇ. ಇನ್ನೂ ದುಡಿಯಬಲ್ಲ ಯಂತ್ರವನ್ನು ತಯಾರಕರ ವೇಳಾಪಟ್ಟಿಗೆ ತಕ್ಕಂತೆ ಎಸೆಯಬೇಕೆನ್ನುವುದು ಯಾವ ಲೆಕ್ಕಕ್ಕೂ ಹೊಂದದ ಮಾತು. 2021ರಲ್ಲಿ ವಿಂಡೋಸ್ 11 ಬಂದಾಗ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ನಿರ್ದಿಷ್ಟ ಪ್ರೊಸೆಸರ್‌ಗಳನ್ನೂ ಕಡ್ಡಾಯಗೊಳಿಸಿ, ಕೆಲವೇ ವರ್ಷ ಹಳೆಯದಾದ ಯಂತ್ರಗಳನ್ನೂ ಹೊರಗಿಡಲಾಯಿತು. ಈ ಅಸಮಾಧಾನವನ್ನು ಹಳೆಯ ವಿಂಡೋಸ್ ಹಾಕಿಸಿ ತೀರಿಸಿಕೊಳ್ಳಹೊರಟರೆ ಪೆಟ್ಟು ತಯಾರಕರಿಗೆ ಬೀಳುವುದಿಲ್ಲ. ವಾಣಿಜ್ಯೋದ್ಯಮ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಬೇರೆ ಇದೆ. ತೆರಿಗೆ ಹಾಗೂ ಇನ್ನಿತರ ಸರ್ಕಾರಿ ಜಾಲತಾಣಗಳು ಯಾವ ವಿಂಡೋಸ್, ಯಾವ ಬ್ರೌಸರ್ ಬೇಕೆಂಬುದನ್ನು ಒಂದೇ ಕಡೆ ಪ್ರಕಟಿಸಲಿ. ಬದಲಾವಣೆಗೆ ಕನಿಷ್ಠ ಒಂದು ವರ್ಷದ ಮುನ್ಸೂಚನೆ ಕೊಡಲಿ. ವಿಂಡೋಸನ್ನಷ್ಟೇ ಅಲ್ಲದೆ ಲಿನಕ್ಸನ್ನೂ ಸಮಾನವಾಗಿ ಬೆಂಬಲಿಸಲಿ. ಸಣ್ಣ ಉದ್ಯಮಿಗಳನ್ನು ಕಡ್ಡಾಯವಾಗಿ ಗಣಕಯಂತ್ರದ ಮುಂದೆ ಕೂರಿಸಿದ ಸರ್ಕಾರಕ್ಕೆ ಇಷ್ಟರ ಹೊಣೆಯಾದರೂ ಇರಬೇಕು.

ಅಲ್ಲಿಯವರೆಗೆ ಪ್ರತಿ ಜಿಲ್ಲೆಯ ಸಂಸ್ಥೆಯೂ ವಿಶ್ವಾಸಾರ್ಹ ದುರಸ್ತಿಗಾರರನ್ನು ಕರೆಸಿ ಡಿಸ್ಕ್ ಬದಲಾವಣೆಯ ಶಿಬಿರವೊಂದನ್ನು ಏರ್ಪಡಿಸಬಹುದು; ಸಗಟಾಗಿ ಕೊಂಡರೆ ಎಸ್‌ಎಸ್‌ಡಿಗಳ ಬೆಲೆಯೂ ಇಳಿಯುತ್ತದೆ. ಶಿಬಿರಕ್ಕೆ ತಿಂಗಳ 21ರ ನಂತರದ ವಾರವೇ ಸೂಕ್ತ: ಜಿಎಸ್‌ಟಿಆರ್-3ಬಿ ಮುಗಿದಿರುತ್ತದೆ, ಜಿಎಸ್‌ಟಿಆರ್-1ರ 11ನೆಯ ತಾರೀಖು ದೂರವಿರುತ್ತದೆ. ಮಾರ್ಚ್ ತಿಂಗಳನ್ನು ಬಿಡುವುದು ಲೇಸು. ಬರುವವರು ಟ್ಯಾಲಿಯ ದತ್ತಾಂಶವನ್ನು ಎರಡು ಪೆನ್‌ಡ್ರೈವುಗಳಲ್ಲಿ ನಕಲಿಸಿಕೊಂಡು, ಅವುಗಳಲ್ಲಿ ಒಂದನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು. ತೆಗೆದ ಹಳೆಯ ಡಿಸ್ಕನ್ನು ದುರಸ್ತಿಗಾರರ ಮೇಜಿನ ಮೇಲೆ ಬಿಡದೆ ಮರಳಿ ಪಡೆದು, ಯುಎಸ್‌ಬಿ ಕವಚವೊಂದರಲ್ಲಿ ಹಾಕಿ, ತಿಜೋರಿಯಲ್ಲಿ ಇಡಬೇಕು. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಅವುಗಳಲ್ಲಿ ಹೆಚ್ಚಿನವು ಆ ಡಿಸ್ಕಿನಲ್ಲಿಯೇ ಇರುತ್ತವೆ.